ಮೊದಲ ತಕ್ಕಡಿ

ಹಾವು ಆಮ್ಯಾಲ ತಗೊಂತಿ ತಮ್ಮಾ,
ಮೊದಲ ತಕ್ಕಡಿ ತಗೋ.
ಗಂಜಿನಾಗ ತೊಗರಿ ಸ್ಯಾಂಪಲ್ ತೂಗ್ತಾರಲ್ಲ
ಅಂಥಾದ್ದು, ಗ್ರಾಮಿನ ಲೆಕ್ಕ ತಪ್ಪದ್ದು.
ಹೆಣ್ಣು ಒಂದೂವರಿ ಕಿಲೋ ತುಂಬಬೇಕು.
ಸಾವಿರದ ನಾಕನೂರಾ ತೊಂಬತ್ತು ಅಂದ್ರ
ಇನ್ನೂ ಇಲ್ಲ ಅಂತ ತಿಳಿ.
ನಾ ಹತ್ತು ಗ್ರಾಮಿಗೆ ಒಂದ್ ಚಳಿಗಾಲ ಕಾದೀನಿ.

ನಾ ಕೂಲರ್ ರಿಪೇರಿ ಅಂಬರಾಯ.
ಬ್ರಹ್ಮಪುರದ ಓಣಿಯಾಗ ಯಾರನ್ನ ಕೇಳಿದ್ರೂ
ಹಾವಿನ ಕೂಲರಿನಾಂವ ಅಂತ ಮನಿ ತೋರಸ್ತಾರ,
ತಾವು ಮಾತ್ರ ಬಾಗಲ ತನಕ ಬರಂಗಿಲ್ಲ.

ಇದು ನಮ್ಮ ಹೊಲದ ಹಾವಲ್ಲ, ಆಫ್ರಿಕಾದ್ದು.
ವಿಷ ಇಲ್ಲ, ಸಿಟ್ಟೂ ಇಲ್ಲ.
ಅಂಜಿದ್ರ ತಲಿ ನಡುವ ಮುಚ್ಚಿಟ್ಟು
ಶೇಂಗಾ ಉಂಡಿ ಆಗ್ತದ.
ಅದಕ್ಕ ಅಕಿ ಹೆಸರು ಉಂಡಿ.
ಗಂಡಿಗೆ ಹೆಸರಿಟ್ಟಿಲ್ಲ, ಅಂವ ಬಂದು ಹೋಗಾಂವ.

ಪಂಚಮಿಗೆ ಮಗ್ಗಲಮನಿ ಗಂಗೂಬಾಯಿ
ಗಿಂಡಿ ಹಾಲು ತಂದು ಹೊಸ್ತಿಲ ಹೊರಗ ನಿಂತ್ಳು.
ಹಾಲು ಕುಡಿಯಂಗಿಲ್ಲ ಯವ್ವಾ, ಇಲಿ ತಿಂತದ ಅಂದೆ.
ಹಂಗಾದ್ರ ಇದು ದೇವರಲ್ಲ ಅಂದ್ಳು.
ಆ ಹಾಲಿನಾಗ ಇಬ್ಬರೂ ಚಹಾ ಕುಡಿದಿವಿ.

ದಾಲ್‌ಮಿಲ್ಲಿನ ಇಲಿ ಪುಕ್ಕಟೆ ಸಿಗ್ತಾವಂತ ಹಾಕಬ್ಯಾಡ,
ವಿಷ ತಿಂದಿರ್ತಾವ.
ಅರಣ್ಯ ಇಲಾಖೆ ಕಾಗದ ಮಾಡಿಸು.
ನನ್ನ ಮಕ್ಕಳು ಹುಟ್ಟಿದ ತಾರೀಖು ನನಗ ನೆಪ್ಪಿಲ್ಲ,
ಇವುಗಳದ್ದು ಫಾರ್ಮಿನಾಗ ಬರದೀನಿ.

ದೀಪಾವಳಿ ದಾಟಿ ರಾತ್ರಿ ಗಾಳಿ ಮೆತ್ತಗಾದಾಗ
ಗಂಡನ್ನ ಅಕಿ ಡಬ್ಬಿಯಾಗ ಬಿಡು.
ಲೈಟ್ ಆರಸು. ಇಣಕಬ್ಯಾಡ.
ನಾ ಇಣಕಿದೆ. ಎರಡು ಬಾಲ ಹೆಣಕೊಂಡು
ಇಡೀ ದಿನ ಕದಲಲಿಲ್ಲ.
ನಾಚಿಗಿ ಇಲ್ಲೇನು ಅಂದ್ಳು ಕಾಶಿಬಾಯಿ,
ಹಾವಿಗಲ್ಲ, ನನಗ.

ಆಮ್ಯಾಲ ಅಕಿ ಊಟ ಬಿಡ್ತಾಳ, ತಿಂಗಳಗಟ್ಲೆ.
ನೀ ಬಿಡಬ್ಯಾಡ.
ಪೊರಿ ಕಳಚಿದ ತಿಂಗಳಿಗೆ ತತ್ತಿ.
ಅಂದ್ರ ಏಪ್ರಿಲ್. ಅಂದ್ರ ಕಲಬುರಗಿ ಬಿಸಲು.

ಪುಸ್ತಕ ಬರದವರು ಹಿಮದ ಊರಿನವರು.
ಬಿಸಿ ಹ್ಯಾಂಗ ಹುಟ್ಟಸಬೇಕಂತ ನಲವತ್ತು ಪುಟ ಅವ.
ತತ್ತಿಗೆ ಮೂವತ್ತೆರಡು ಡಿಗ್ರಿ ಸಾಕು,
ನನ್ನ ಪತ್ರಾಸಿನ ಕೆಳಗ ನಲವತ್ನಾಕು.
ಹಾಳಿ ಹೊಳ್ಳಿಸಿ ಹೊಳ್ಳಿಸಿ ನೋಡಿದೆ,
ಆರಸೋದು ಎಲ್ಲೂ ಇಲ್ಲ.

ಮೊದಲ ವರ್ಷ ಆರು ತತ್ತಿ.
ಟಾರ್ಚ್ ಹಿಡಿದ್ರ ಒಳಗ ಕೆಂಪು ನರ,
ಕೂಸಿನ ಅಂಗೈ ಬಿಸಲಿಗೆ ಹಿಡಿದಂಗ.
ಮೇ ಹದಿನೇಳು. ಶಹಾಬಜಾರಿನಾಗ
ಯಾರದೋ ಕೂಲರ್ ಬಿಚ್ಚಿಕೊಂಡು ಕುಂತಿದ್ದೆ.
ಕರೆಂಟ್ ಹೋಗಿ ಐದು ತಾಸು.
ಊರ ಮಂದಿಗೆಲ್ಲ ಗಾಳಿ ಹಚ್ಚಾಂವ
ಮನಿಗೆ ಬಂದು ಡಬ್ಬಿ ತಗದ್ರ
ಆರೂ ಬೆಂದಿದ್ದವು.

ಈಗ ಥರ್ಮಾಕೋಲ್ ಡಬ್ಬಿ, ಕೆಳಗ ಶಹಾಬಾದಿ ಫರಸಿ,
ಸುತ್ತ ಕೂಲರಿನ ಖಸ್ ಹುಲ್ಲು, ತಾಸಿಗೊಮ್ಮೆ ನೀರು.
ತತ್ತಿ ಎತ್ತೋ ಮುಂದ ಮ್ಯಾಲಿನ ಬದಿಗೆ ಪೆನ್ಸಿಲ್ ಗೀರು ಹಾಕು.
ಹೊಳ್ಳಬಾರದು. ಹೊಳ್ಳಿದ್ರ ಒಳಗಿನ ಜೀವ ಮುಳುಗ್ತದ.

ಇನ್ನೊಂದು. ಇದು ನನಗ ಯಾರೂ ಹೇಳಿರಲಿಲ್ಲ.
ತತ್ತಿ ತಗದ ಮ್ಯಾಲ ಅಕಿನ್ನ ತೊಳಿ,
ಡಬ್ಬಿ ತೊಳಿ, ವಾಸನಿ ಹೋಗೋ ತನಕ.
ನಾ ತೊಳಿಲಿಲ್ಲ.
ಒಂಬತ್ತು ದಿನ ಉಂಡಿ
ಏನೂ ಇಲ್ಲದ್ದರ ಸುತ್ತ ಸುತಗೊಂಡು ಕುಂತಿದ್ಳು,
ನಡುವ ಆರು ತತ್ತಿ ಹಿಡಿಯೋವಷ್ಟು ಜಾಗ ಬಿಟ್ಟು.
ಎರಡು ವರ್ಷ ಆ ಕೋಣಿಗೆ ಕಾಲಿಡದ ಕಾಶಿಬಾಯಿ
ಅವತ್ತು ಬಕೀಟಿನಾಗ ಉಗುರುಬೆಚ್ಚನ ನೀರು ತಂದ್ಳು.
ಸಬಕಾರ ಬ್ಯಾಡ ಅಂದೆ.
ಗೊತ್ತದ, ಸರಿ ಆಕಡಿ, ಅಂದ್ಳು.

ರೇಟ್ ಕೇಳಿದಿ. ಹೇಳ್ತೀನಿ.
ಅದಕ್ಕಿಂತ ಮೊದಲ, ಶಹಾಪುರದಾಗ ನಿಮ್ಮ ಓಣಿಗೆ
ಕರೆಂಟ್ ಯಾವಾಗ ಹೋಗ್ತದ, ಎಷ್ಟೊತ್ತಿಗೆ ಬರ್ತದ,
ಒಂದ್ ಬ್ಯಾಸಗಿ ಪೂರಾ ಬರಕೊಂಡ್ ಬಾ.
ತಕ್ಕಡಿ ಬೇಕಾದ್ರ
ಇಕಾ, ನನ್ನದ ಒಯ್ಯಿ.